ಬಿಸಿಲಿಗೆ ಹಿಗ್ಗದ ಲೋಹ

ಹರಪನಹಳ್ಳಿ ತಾಲ್ಲೂಕಿನ ತೆಲಿಗಿಯ ಬಯಲಿನಲ್ಲಿ 1 ಕಿಲೋಮೀಟರ್ ದೂರವನ್ನು 30 ಮೀಟರ್ ಉದ್ದದ ಉಕ್ಕಿನ ಟೇಪಿನಿಂದ ಅಳೆಯುತ್ತೀರಿ ಎಂದುಕೊಳ್ಳಿ. ಬೆಳಿಗ್ಗೆ ಟೇಪಿನ ಉಷ್ಣತೆ 25 ಡಿಗ್ರಿ ಸೆಲ್ಸಿಯಸ್, ಮಧ್ಯಾಹ್ನ 40 ಡಿಗ್ರಿ. ಎರಡು ಅಳತೆಗಳೂ ಒಂದೇ ಬರುತ್ತವೆಯೆ? ಇಲ್ಲ. ಪ್ರತಿ ಡಿಗ್ರಿ ಏರಿಕೆಗೆ ಉಕ್ಕು ತನ್ನ ಉದ್ದದ ದಶಲಕ್ಷದಲ್ಲಿ ಸುಮಾರು 12 ಭಾಗದಷ್ಟು ಹಿಗ್ಗುತ್ತದೆ. 15 ಡಿಗ್ರಿಗೆ ಟೇಪು ಹಿಗ್ಗುವುದು 5.4 ಮಿಲಿಮೀಟರ್; ಇಡೀ ಕಿಲೋಮೀಟರಿಗೆ ವ್ಯತ್ಯಾಸ 18 ಸೆಂಟಿಮೀಟರ್!

ಹೊಲದ ಅಳತೆಯಲ್ಲಿ ಇದು ಸಣ್ಣ ಮಾತು. ದೇಶದ ನಕ್ಷೆಯಲ್ಲಿ ಹಾಗಲ್ಲ. ತ್ರಿಕೋನಮಿತಿಯ ಮೋಜಣಿಯಲ್ಲಿ ನೆಲದ ಮೇಲೆ ಅಳೆಯುವುದು ಒಂದು ಆಧಾರರೇಖೆಯನ್ನು ಮಾತ್ರ. ಉಳಿದ ದೂರಗಳನ್ನೆಲ್ಲ ಕೋನಗಳಿಂದ ಲೆಕ್ಕ ಹಾಕುತ್ತಾರೆ. ಆಧಾರರೇಖೆಯ ತಪ್ಪು ಅದೇ ಪ್ರಮಾಣದಲ್ಲಿ ಎಲ್ಲ ತ್ರಿಕೋನಗಳಿಗೂ ಹರಡುತ್ತದೆ.

1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಸುಮಾರು 12 ಕಿಲೋಮೀಟರ್ ಉದ್ದದ ಆಧಾರರೇಖೆಯನ್ನು 100 ಅಡಿಯ ಉಕ್ಕಿನ ಸರಪಣಿಯಿಂದ ಅಳೆದರು. ಇಷ್ಟು ಉದ್ದಕ್ಕೆ 10 ಡಿಗ್ರಿ ವ್ಯತ್ಯಾಸವೆಂದರೆ ಸುಮಾರು 1.4 ಮೀಟರ್. ಆದ್ದರಿಂದ ಉಷ್ಣಮಾಪಕ ನೋಡಿ ಅಳತೆಯನ್ನು ತಿದ್ದಬೇಕಾಗುತ್ತಿತ್ತು. ಆದರೆ ಉಷ್ಣಮಾಪಕದ ಉಷ್ಣತೆಯೇ ಸರಪಣಿಯ ಉಷ್ಣತೆಯೆಂದು ಹೇಗೆ ನಂಬುವುದು? 1868ರಲ್ಲಿ ಬೆಂಗಳೂರಿನಲ್ಲೇ ಮತ್ತೊಂದು ಆಧಾರರೇಖೆಯನ್ನು ಕಾಲ್ಬಿಯ ಸರಿದೂಗಿಸುವ ಸರಳುಗಳಿಂದ ಅಳೆದರು. ಅದರಲ್ಲಿ ಕಬ್ಬಿಣ ಮತ್ತು ಹಿತ್ತಾಳೆಯ ಜೋಡಿ ಸರಳುಗಳಿದ್ದವು. ಅವು ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವುದನ್ನೇ ಬಳಸಿಕೊಂಡು ಎರಡು ಗುರುತುಗಳ ನಡುವಿನ ಅಂತರ ಬದಲಾಗದಂತೆ ಮಾಡಲಾಗಿತ್ತು. ಉಪಾಯ ಒಳ್ಳೆಯದೇ, ಕೆಲಸ ಮಾತ್ರ ಬಲು ನಿಧಾನ.

ಲೋಹವನ್ನೇ ಬದಲಿಸುವ ದಾರಿ ತೆರೆದದ್ದು 1896ರಲ್ಲಿ. ಪ್ಯಾರಿಸ್ ಬಳಿಯ ಅಂತರರಾಷ್ಟ್ರೀಯ ತೂಕ ಮತ್ತು ಅಳತೆಗಳ ಸಂಸ್ಥೆಯಲ್ಲಿ ಷಾರ್ಲ್ ಗಿಯೋಮ್ ಅವರು ಕಬ್ಬಿಣಕ್ಕೆ ಶೇಕಡಾ 36ರಷ್ಟು ನಿಕ್ಕಲ್ ಸೇರಿದ ಮಿಶ್ರಲೋಹ ಉಕ್ಕಿನ ಹತ್ತರಲ್ಲೊಂದು ಪಾಲು ಮಾತ್ರ ಹಿಗ್ಗುವುದನ್ನು ಕಂಡರು. ಅದೇ ಇನ್ವಾರ್. 1920ರ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿ ಅವರಿಗೆ ಸಂದಿತು. ಇನ್ವಾರ್ ಕಾದಂತೆ ಅದರ ಕಾಂತತ್ವ ಕುಗ್ಗುತ್ತದೆ. ಇದರಿಂದಾಗುವ ಸಂಕೋಚನವು ಶಾಖದಿಂದಾಗುವ ವ್ಯಾಕೋಚನವನ್ನು ಬಹುಪಾಲು ಸರಿದೂಗಿಸುತ್ತದೆ. ಸುಮಾರು 230 ಡಿಗ್ರಿ ದಾಟಿದ ಮೇಲೆ ಈ ಗುಣ ಉಳಿಯುವುದಿಲ್ಲ.

ಹಾಗಾದರೆ ಇನ್ವಾರ್ ಎಲ್ಲದರಲ್ಲೂ ಉಕ್ಕಿಗಿಂತ ಮೇಲೆ? ಲೆಕ್ಕ ಹಾಕಿ ನೋಡೋಣ. ಮೋಜಣಿಯಲ್ಲಿ 24 ಮೀಟರ್ ಉದ್ದ, 1.65 ಮಿಲಿಮೀಟರ್ ವ್ಯಾಸದ ಇನ್ವಾರ್ ತಂತಿಗಳನ್ನು 10 ಕಿಲೋಗ್ರಾಂ ತೂಕಗಳಿಂದ ಎಳೆದು ಬಳಸುತ್ತಿದ್ದರು. ಉಷ್ಣತೆ 10 ಡಿಗ್ರಿ ಏರಿದರೆ ಅಂಥ ಉಕ್ಕಿನ ತಂತಿ 2.9 ಮಿಲಿಮೀಟರ್ ಹಿಗ್ಗುತ್ತದೆ, ಇನ್ವಾರ್ ಕೇವಲ 0.3 ಮಿಲಿಮೀಟರ್. ಎಳೆತದಲ್ಲಿ ಮಾತು ತಿರುವುಮುರುವು. ಯಂಗ್‌ನ ಗುಣಾಂಕ ಉಕ್ಕಿಗೆ ಸುಮಾರು 200 ಗಿಗಾಪಾಸ್ಕಲ್, ಇನ್ವಾರ್‌ಗೆ ಸುಮಾರು 145. ಆದ್ದರಿಂದ ಅದೇ ತೂಕಕ್ಕೆ ಉಕ್ಕು 5.5 ಮಿಲಿಮೀಟರ್ ಜಗ್ಗಿದರೆ ಇನ್ವಾರ್ 7.6 ಮಿಲಿಮೀಟರ್ ಜಗ್ಗುತ್ತದೆ. ಜೊತೆಗೆ ಇನ್ವಾರ್ ಮೆದು, ಬೆಲೆ ಹೆಚ್ಚು. ಬಾಗಿದರೆ ಹಾಗೇ ಉಳಿದುಬಿಡುವುದರಿಂದ ತಂತಿಯನ್ನು ದೊಡ್ಡ ರಾಟೆಗೆ ಜೋಪಾನವಾಗಿ ಸುತ್ತಬೇಕು. ವರ್ಷಗಳು ಕಳೆದಂತೆ ಅದರ ಉದ್ದ ಅತಿ ಸ್ವಲ್ಪವಾಗಿ ಬೆಳೆಯುವುದೂ ಉಂಟು.

ಆದರೂ ಮೋಜಣಿದಾರರು ಅದನ್ನೇ ಆರಿಸಿದ್ದೇಕೆ? ತೂಕವನ್ನು ಕರಾರುವಾಕ್ಕಾಗಿ ಇಡುವುದು ನಮ್ಮ ಕೈಯಲ್ಲಿದೆ. ಬಿಸಿಲನ್ನು ಹಿಡಿದಿಡುವುದು ನಮ್ಮ ಕೈಯಲ್ಲಿಲ್ಲ. ದೂರವನ್ನು ಉಪಗ್ರಹಗಳ ನೆರವಿನಿಂದ ಅಳೆಯುವ ಇಂದೂ ಎತ್ತರದ ನಿಖರ ಮೋಜಣಿಗೆ ಇನ್ವಾರ್ ಪಟ್ಟಿಯ ಅಳತೆಗೋಲುಗಳು ಬಳಕೆಯಲ್ಲಿವೆ. ಯಾವ ಲೋಹ ಒಳ್ಳೆಯದು ಎಂದು ವಿದ್ಯಾರ್ಥಿಗಳು ಕೇಳಿದಾಗ, ಯಾವ ಕೆಲಸಕ್ಕೆ ಎಂದು ನೀವು ಮರುಪ್ರಶ್ನೆ ಹಾಕಬಹುದು.