ವಿನ್ಯಾಸದ ಆಧಾರ: ‘ಯೋಗಾಸನಗಳು’ ಪುಸ್ತಕದ ಒಂದು ಪ್ಯಾರಾ

ತಿರುಮಲೈ ಕೃಷ್ಣಮಾಚಾರ್ಯರು 1941ರಲ್ಲಿ ಕನ್ನಡದಲ್ಲಿ ಪ್ರಕಟಿಸಿದ ‘ಯೋಗಾಸನಗಳು’ ಪುಸ್ತಕದಲ್ಲಿ ಆಸನಗಳ ಪಟ್ಟಿಗೆ ಮುಂಚೆ ಒಂದು ಪ್ಯಾರಾ ಬರುತ್ತದೆ. ವಿನ್ಯಾಸದ (ಆಸನಕ್ಕೆ ಹೋಗಿ ಮರಳುವ, ಉಸಿರಿಗೆ ಕಟ್ಟಿದ ಚಲನೆಗಳ) ಗುಟ್ಟೇನೆಂದು ಹಲವರಿಗೆ ಕುತೂಹಲವಿದೆ, ಅದಕ್ಕೆ ಆಧಾರವೇನೆಂದು ಕೆಲವರು ಕೇಳುತ್ತಾರೆ ಎಂದು ಆಚಾರ್ಯರು ಒಪ್ಪಿಕೊಳ್ಳುತ್ತಾರೆ. ಉತ್ತರವಾಗಿ ಪತಂಜಲಿಯ ಎರಡನೆಯ ಪಾದದ 47ನೆಯ ಸೂತ್ರವನ್ನೂ ಅದರ ವ್ಯಾಸಭಾಷ್ಯವನ್ನೂ ವಾಚಸ್ಪತಿ ಮಿಶ್ರರ ಟೀಕೆಯನ್ನೂ ನೋಡಿ ಎನ್ನುತ್ತಾರೆ. ಮುಂದಿನ ಮಾತೇ ಪಟ್ಟಿಯದು: ಯಾವ ಆಸನಕ್ಕೆ ಎಷ್ಟು ವಿನ್ಯಾಸ, ಎಷ್ಟನೆಯ ವಿನ್ಯಾಸದಲ್ಲಿ ಆಸನದ ಸ್ಥಿತಿ, ರೇಚಕ ಪೂರಕ (ಉಸಿರು ಬಿಡುವುದು, ಎಳೆಯುವುದು) ಯಾವಾಗ, ಕುಂಭಕ (ಉಸಿರು ತಡೆಹಿಡಿಯುವುದು) ಒಳಗಿನದೋ ಹೊರಗಿನದೋ.

ಸೂತ್ರದಿಂದ ಪಟ್ಟಿಗೆ ಹಾರುವ ಈ ಪ್ಯಾರಾವನ್ನು ಯಾರೂ ಗಂಭೀರವಾಗಿ ಓದುತ್ತಿಲ್ಲ. ಗರಡಿಮನೆಯ ಸಾಮಿಗೆ ಪಂಡಿತರು ಹಚ್ಚಿದ ಶಾಸ್ತ್ರದ ನಾಮ ಇದು ಎಂಬ ಮಾತನ್ನು ವಿಚಾರಗೋಷ್ಠಿಗಳಲ್ಲಿ ನಾನು ಮತ್ತೆ ಮತ್ತೆ ಕೇಳಿದ್ದೇನೆ. ಹಾಗೆನ್ನುವವರು ವಾಚಸ್ಪತಿಯನ್ನು ತೆರೆದು ನೋಡಿದ್ದಾರೆಂದು ನನಗೆ ಅನ್ನಿಸಿಲ್ಲ. ತೆರೆದು ನೋಡಿದರೆ ಆ ಹಾರಾಟದ ಕೆಳಗೆ ನೆಲ ಇರುವುದು ಕಾಣುತ್ತದೆ.

ಈ ತಾತ್ಸಾರಕ್ಕೆ ಒಂದು ಹಿನ್ನೆಲೆ ಇದೆ. ನಾರ್ಮನ್ ಶೋಮನ್ 1996ರಲ್ಲಿ ಮೈಸೂರು ಅರಮನೆಯ ಯೋಗಪರಂಪರೆಯ ಬಗ್ಗೆ ಬರೆದ ಪುಸ್ತಕ ‘ಶ್ರೀತತ್ತ್ವನಿಧಿ’ ಎಂಬ ಗ್ರಂಥದ 122 ಆಸನಗಳ ಚಿತ್ರಗಳನ್ನು ವಿದ್ವತ್‌ಲೋಕದ ಮುಂದಿಟ್ಟಿತು. ಆ ಋಣ ನಮ್ಮೆಲ್ಲರ ಮೇಲಿದೆ. ಆದರೆ ಅದೇ ಪುಸ್ತಕ, 1896ರ ‘ವ್ಯಾಯಾಮದೀಪಿಕೆ’ಯಂಥ ಕಸರತ್ತಿನ ಕೈಪಿಡಿಗಳೂ ದಂಡೆ ಹೊಡೆಯುವ ಗರಡಿ ಪದ್ಧತಿಯೂ ಕೃಷ್ಣಮಾಚಾರ್ಯರ ಕ್ರಮಕ್ಕೆ ಮೂಲವೆಂಬ ವಾದವನ್ನೂ ಹೂಡಿತು. 2010ರಲ್ಲಿ ಮಾರ್ಕ್ ಸಿಂಗಲ್ಟನ್ ಇನ್ನೂ ಮುಂದೆ ಹೋಗಿ, ಡೆನ್ಮಾರ್ಕಿನ ನೀಲ್ಸ್ ಬುಕ್‌ನ ಜಿಮ್ನಾಸ್ಟಿಕ್ಸಿನಲ್ಲಿ ಕನಿಷ್ಠ 28 ವ್ಯಾಯಾಮಗಳಿಗೆ ಇವತ್ತಿನ ಯೋಗಾಸನಗಳ ಜೊತೆ ಹೋಲಿಕೆ ತೋರಿಸಿದರು. (ಅವರು ಬುಕ್‌ನಿಂದ ಕೃಷ್ಣಮಾಚಾರ್ಯರು ನೇರವಾಗಿ ಎತ್ತಿಕೊಂಡರೆಂದು ಹೇಳಿಲ್ಲ. ಅವರ ಮಾತನ್ನು ಉದ್ಧರಿಸುವವರೇ ಈ ಎಚ್ಚರವನ್ನು ಗಾಳಿಗೆ ತೂರಿದವರು.) ಆದರೆ ಆ ಹೋಲಿಕೆ ಯಾವುದರ ಜೊತೆ? ಪಟ್ಟಾಭಿ ಜೋಯಿಸರ ಅಷ್ಟಾಂಗ ಕ್ರಮದ ಜೊತೆ, ಇಲ್ಲವೇ 1966ರಲ್ಲಿ ಬಂದ ಬಿ.ಕೆ.ಎಸ್. ಅಯ್ಯಂಗಾರರ ‘ಲೈಟ್ ಆನ್ ಯೋಗ’ದ ಜೊತೆ. ಇಬ್ಬರೂ ಕೃಷ್ಣಮಾಚಾರ್ಯರ ಶಿಷ್ಯರು. ಗುರುವಿನ ಪಟ್ಟಿಯಲ್ಲಿ ಕುಂಭಕದ ಕಲಮು ಇದೆ. ಜೋಯಿಸರ ಎಣಿಕೆಯಲ್ಲಿ ಉಸಿರಿಗೊಂದು ಚಲನೆ ಉಳಿಯಿತು, ತಡೆಹಿಡಿಯುವ ಲೆಕ್ಕ ಉಳಿಯಲಿಲ್ಲ. ಶಿಷ್ಯರ ಮೈಯ ಆಕಾರವನ್ನು ಅಳೆದು ಗುರುವಿನ ಉಸಿರಿನ ಬಗ್ಗೆ ತೀರ್ಪು ಕೊಟ್ಟಂತಾಯಿತು ಇದು.

ಭಂಗಿಗಳ ವಂಶಾವಳಿಯನ್ನು ಮುಂದೆ ಸಿಂಗಲ್ಟನ್ ಅವರೇ ಜೇಸನ್ ಬರ್ಚ್ ಜೊತೆಗೂಡಿ ತಿದ್ದಿದ್ದಾರೆ. 2019ರ ಅವರ ಲೇಖನ, 112 ಆಸನಗಳನ್ನು ಹೇಳುವ ‘ಹಠಾಭ್ಯಾಸಪದ್ಧತಿ’ ಎಂಬ ಸಂಸ್ಕೃತ ಗ್ರಂಥಕ್ಕೂ ‘ಶ್ರೀತತ್ತ್ವನಿಧಿ’ಗೂ ಇರುವ ನಂಟನ್ನು ತೋರಿಸಿತು. ಹಗ್ಗ ಹಿಡಿದು ಮಾಡುವ ಆಸನ, ಪದೇ ಪದೇ ಚಲಿಸುವ ಆಸನ ಎಲ್ಲವೂ ಅಲ್ಲಿವೆ. ಚಲನೆ ಹೊರಗಿನಿಂದ ಬಂದದ್ದು ಎಂಬ ವಾದದ ಕಾಲು ಅಲ್ಲಿಗೆ ಮುರಿಯಿತು. ಆದರೂ ಅದು ಭಂಗಿಯ ಪ್ರಶ್ನೆ. ನಮ್ಮ ಪ್ಯಾರಾದ ಪ್ರಶ್ನೆ ಬೇರೆ.

ಸೂತ್ರದ ಪ್ರಕಾರ ಆಸನ ಸಿದ್ಧಿಸುವುದು ಎರಡರಿಂದ: ಪ್ರಯತ್ನಶೈಥಿಲ್ಯ (ಪ್ರಯತ್ನದ ಸಡಿಲಿಕೆ), ಅನಂತಸಮಾಪತ್ತಿ (ಅನಂತದಲ್ಲಿ ಮನಸ್ಸು ನೆಲೆಸುವುದು). ಪ್ರಯತ್ನ ನಿಂತಾಗ ಅಂಗಗಳ ನಡುಕ ಇಲ್ಲವಾಗುತ್ತದೆ ಎಂದು ವ್ಯಾಸರು ಚುಟುಕಾಗಿ ಮುಗಿಸುತ್ತಾರೆ. ವಾಚಸ್ಪತಿ ಇಲ್ಲಿ ನಿಂತು ಯೋಚಿಸುತ್ತಾರೆ. ಅವರ ವಾದದ ಸಾರ ಹೀಗೆ: ದೇಹವನ್ನು ಧರಿಸಿರುವ (‘ಶರೀರಧಾರಕ’) ಸಹಜ ಪ್ರಯತ್ನವೊಂದಿದೆ. ಆಸನಕ್ಕೆ ಅದೇ ಕಾರಣವಾದರೆ ಉಪದೇಶವೇ ದಂಡ, ಆಸನ ತಾನಾಗಿಯೇ ಬಂದುಬಿಡಬೇಕಿತ್ತು. ಆ ಪ್ರಯತ್ನ ನಮ್ಮನ್ನು ಹೇಗೆಂದರೆ ಹಾಗೆ ಕೂರಿಸುತ್ತದೆ, ಆಸನದ ನಿಯಮವನ್ನು ಕೆಡಿಸುತ್ತದೆ. ಆದ್ದರಿಂದ ಅಭ್ಯಾಸಿ ಇನ್ನೊಂದು ಪ್ರಯತ್ನ ಮಾಡಬೇಕು, ಸಹಜ ಪ್ರಯತ್ನವನ್ನು ಸಡಿಲಿಸುವುದೇ ಸ್ವರೂಪವಾಗಿರುವ ಪ್ರಯತ್ನವನ್ನು. ಒಂಬತ್ತು–ಹತ್ತನೆಯ ಶತಮಾನದ ಒಬ್ಬ ತಾರ್ಕಿಕ ದೇಹದ ಬಗ್ಗೆ ಇಷ್ಟು ನಯವಾಗಿ ಬರೆದದ್ದನ್ನು ನಾನು ಬೇರೆ ಕಡೆ ಓದಿಲ್ಲ.

ಹಾಗಾದರೆ ಆ ಸಹಜ ಪ್ರಯತ್ನ ಯಾವುದು? ವಾಚಸ್ಪತಿ ನ್ಯಾಯಶಾಸ್ತ್ರದಲ್ಲೂ ದೊಡ್ಡ ಟೀಕಾಕಾರರು. ಅವರ ಕೈಯಲ್ಲಿ ‘ಪ್ರಯತ್ನ’ ಪಾರಿಭಾಷಿಕ ಶಬ್ದ. ವೈಶೇಷಿಕದ ಪ್ರಶಸ್ತಪಾದರು ಪ್ರಯತ್ನವನ್ನು ಎರಡಾಗಿ ಒಡೆಯುತ್ತಾರೆ. ಒಂದು ಇಚ್ಛೆ-ದ್ವೇಷಗಳಿಂದ ಹುಟ್ಟುವುದು. ಇನ್ನೊಂದು ಬದುಕಿರುವುದರಿಂದಲೇ ನಡೆಯುವುದು, ಮಲಗಿ ನಿದ್ದೆ ಹೋದವನಲ್ಲೂ ಪ್ರಾಣ-ಅಪಾನಗಳನ್ನು ನಡೆಸುವುದು. ನಂತರದ ನೈಯಾಯಿಕರು ಇದನ್ನೇ ಜೀವನಯೋನಿ ಪ್ರಯತ್ನ ಎಂದರು. ಕೃಷ್ಣಮಾಚಾರ್ಯರು ನ್ಯಾಯ, ಮೀಮಾಂಸೆ ಓದಿ ಬಂದವರು. ಅವರ ಶಿಷ್ಯ ಶ್ರೀವತ್ಸ ರಾಮಸ್ವಾಮಿ ದಾಖಲಿಸಿರುವಂತೆ, ಸೂತ್ರದ ‘ಪ್ರಯತ್ನ’ಕ್ಕೆ ಅವರು ಹೇಳುತ್ತಿದ್ದ ಅರ್ಥ ಜೀವನಪ್ರಯತ್ನ, ಅಂದರೆ ಉಸಿರು. ಈಗ ಪ್ಯಾರಾವನ್ನು ಮತ್ತೆ ಓದಿ. ಪ್ರಯತ್ನ ಸಡಿಲಬೇಕು, ಪ್ರಯತ್ನವೆಂದರೆ ಉಸಿರು. ಹಾಗಿದ್ದಮೇಲೆ ರೇಚಕ ಪೂರಕ ಯಾವಾಗ ಎಂಬ ಪಟ್ಟಿ ಬರಲೇಬೇಕು.

ಇಲ್ಲೊಂದು ಆಕ್ಷೇಪವಿದೆ. ಎದುರು ಪಕ್ಷದವರು ಎತ್ತಬೇಕಾಗಿತ್ತು, ಎತ್ತಿಲ್ಲ; ನಾನೇ ಎತ್ತುತ್ತೇನೆ. ಅದೇ ಪ್ರಶಸ್ತಪಾದರು ದೇಹವನ್ನು ಎತ್ತಿ ಹಿಡಿಯುವ ಕೆಲಸವನ್ನು ಒಪ್ಪಿಸುವುದು ಇಚ್ಛೆಯಿಂದ ಹುಟ್ಟುವ ಪ್ರಯತ್ನಕ್ಕೆ, ಉಸಿರು ನಡೆಸುವ ಪ್ರಯತ್ನಕ್ಕಲ್ಲ. ವಾಚಸ್ಪತಿಯ ‘ಶರೀರಧಾರಕ’ವನ್ನು ಆ ಜಾಗದಲ್ಲಿ ಕೂರಿಸಿದರೆ ಅದರ ಅರ್ಥ ಬೆನ್ನು-ಭುಜಗಳ ಸ್ನಾಯುಬಿಗಿ ಎಂದಾಗುತ್ತದೆ, ಉಸಿರಲ್ಲ. ಹಾಗಾದಲ್ಲಿ ಆಚಾರ್ಯರ ಓದು ತಪ್ಪಲ್ಲವೆ?

ಆಕ್ಷೇಪ ಗಟ್ಟಿಯಾದದ್ದು, ಆದರೆ ಪೂರ್ತಿ ನಿಲ್ಲುವುದಿಲ್ಲ. ವಾಚಸ್ಪತಿ ಆ ಪ್ರಯತ್ನಕ್ಕೆ ಹಾಕುವ ವಿಶೇಷಣಗಳು ‘ಸಾಂಸಿದ್ಧಿಕ’, ‘ಸ್ವಾಭಾವಿಕ’. ಇಚ್ಛೆಯಿಂದ ಹುಟ್ಟಿದ್ದನ್ನು ಯಾವ ನೈಯಾಯಿಕನೂ ಸ್ವಾಭಾವಿಕ ಎನ್ನಲಾರ. ಪ್ರಶಸ್ತಪಾದರು ಬೇರೆ ಮಾಡಿದ್ದನ್ನು ವಾಚಸ್ಪತಿ ಇಲ್ಲಿ ಒಂದುಗೂಡಿಸಿದ್ದಾರೆ: ನಾವು ಬೇಡಿಕೊಳ್ಳದೆಯೇ ಮೈಯನ್ನು ಹಿಡಿದಿರುವ ಬಿಗಿ. ಹಸ್ತಪ್ರತಿಗಳ ಮುಂದೆ ಎರಡು ಗಂಟೆ ಕೂತ ಮೇಲೆ ನನ್ನ ಎಡಭುಜ ಕಿವಿಯ ಹತ್ತಿರಕ್ಕೆ ಏರಿರುತ್ತದೆ, ಏರಿಸಿದ್ದು ನಾನಲ್ಲ. ಅದನ್ನು ಇಳಿಸಲು ಹೋದರೆ ಕತ್ತು ಬಿಗಿಯುತ್ತದೆ. ಉಸಿರನ್ನು ನಿಧಾನ ಹೊರಗೆ ಬಿಟ್ಟರೆ ಪಕ್ಕೆಲುಬು ಕೆಳಗೆ ಸರಿದು ಭುಜ ಅದರ ಹಿಂದೆಯೇ ಇಳಿಯುತ್ತದೆ. ಆಗ ಮಾತ್ರ, ಇಷ್ಟು ಹೊತ್ತು ಅದು ಏರಿತ್ತೆಂಬುದು ಅರಿವಿಗೆ ಬರುತ್ತದೆ. ಸಹಜ ಪ್ರಯತ್ನಗಳ ಗುಂಪಿನಲ್ಲಿ ನಿದ್ದೆಯಲ್ಲಿ ತಾನೇ ನಡೆದು, ಎಚ್ಚರದಲ್ಲಿ ನಮ್ಮ ಕೈಗೂ ಸಿಗುವುದು ಉಸಿರು. ಉಳಿದ ಬಿಗಿಗಳಿಗೆ ಅದೇ ಹಿಡಿಕೆ. ಆಚಾರ್ಯರ ಓದು ವಾಚಸ್ಪತಿಯ ಅರ್ಥದ ಒಂದು ಭಾಗವನ್ನಷ್ಟೇ ಆರಿಸಿಕೊಂಡಿದೆ ಎಂದು ಒಪ್ಪುತ್ತೇನೆ. ಅಭ್ಯಾಸಕ್ಕೆ ಒದಗುವ ಭಾಗವನ್ನೇ ಆರಿಸಿಕೊಂಡಿದೆ ಎಂದೂ ಹೇಳುತ್ತೇನೆ. 1934ರ ‘ಯೋಗಮಕರಂದ’ದಲ್ಲೇ ಅವರು ವಿನ್ಯಾಸವಿಲ್ಲದ ಆಸನವನ್ನು ತಾಳ-ಶ್ರುತಿಯಿಲ್ಲದ ಸಂಗೀತಕ್ಕೆ ಹೋಲಿಸಿ, ಅದರಿಂದ ಆರೋಗ್ಯ ಬಾರದು ಎಂದಿದ್ದರು. 1941ರ ಪ್ಯಾರಾ ಆ ಮಾತಿಗೆ ಕೊಟ್ಟ ಶಾಸ್ತ್ರಾಧಾರ. (‘ಅನಂತ’ದ ಪಾಠಾಂತರ, ಅದು ಆದಿಶೇಷನೋ ಆಕಾಶದ ಆನಂತ್ಯವೋ ಎಂಬ ಚರ್ಚೆ ಇಲ್ಲಿ ಬೇಡ. ವಾಚಸ್ಪತಿ ಸಾವಿರ ಹೆಡೆಗಳ ನಾಗರಾಜನನ್ನೇ ಹಿಡಿಯುತ್ತಾರೆ. ಅಲ್ಲಿ ಉಸಿರಿನ ಮಾತಿಲ್ಲ.)

ಈ ಪ್ಯಾರಾ ಮರೆಗೆ ಸರಿಯಲು ಆಚಾರ್ಯರ ಪ್ರದರ್ಶನಗಳೂ ಕಾರಣ, ಅವರ ಬಗ್ಗೆ ನನಗೆಷ್ಟೇ ಗೌರವವಿದ್ದರೂ ಇದನ್ನು ಹೇಳಬೇಕು. ಫ್ರಾನ್ಸಿನ ಹೃದ್ರೋಗ ತಜ್ಞೆ ತೆರೇಸ್ ಬ್ರಾಸ್ 1935ರಲ್ಲಿ ಇಸಿಜಿ ಯಂತ್ರ ಹೊತ್ತು ಭಾರತಕ್ಕೆ ಬಂದು ಯೋಗಿಗಳನ್ನು ಪರೀಕ್ಷಿಸಿದರು, ಕೃಷ್ಣಮಾಚಾರ್ಯರು ಹೃದಯ ನಿಲ್ಲಿಸಿದರೆಂಬ ಸುದ್ದಿ ಹಬ್ಬಿತು. ವೆಂಗರ್, ಬಾಗ್ಚಿ ಮತ್ತು ಆನಂದ್ 1961ರ ‘ಸರ್ಕ್ಯುಲೇಷನ್’ ಪತ್ರಿಕೆಯಲ್ಲಿ ಇದನ್ನು ಬಿಡಿಸಿಟ್ಟರು. ಉಸಿರು ಕಟ್ಟಿ ಎದೆ-ಹೊಟ್ಟೆಯ ಸ್ನಾಯು ಬಿಗಿದಾಗ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತದೆ. ನಾಡಿ ಸಿಗುವುದಿಲ್ಲ, ಎದೆಬಡಿತ ಕೇಳುವುದಿಲ್ಲ, ಆದರೆ ಇಸಿಜಿಯಲ್ಲಿ ಹೃದಯ ಮಿಡಿಯುತ್ತಲೇ ಇರುತ್ತದೆ. ಗೆರೆಗಳು ಸುಳ್ಳು ಹೇಳಲಿಲ್ಲ. ಜನ ನೆನಪಿಟ್ಟುಕೊಂಡದ್ದು ಮಾತ್ರ ನಿಂತ ಹೃದಯವನ್ನು, ಸಡಿಲಗೊಳಿಸಬೇಕಾದ ಉಸಿರನ್ನಲ್ಲ. ಪ್ರಯತ್ನದ ಪರಮಾವಧಿಯನ್ನು ಪ್ರಯತ್ನಶೈಥಿಲ್ಯದ ಗುರುವಿನ ಹೆಗ್ಗುರುತಾಗಿ ಮಾಡಿದ್ದು ನಮ್ಮ ದುರದೃಷ್ಟ.

ವೈದ್ಯಕೀಯ ಸಾಹಿತ್ಯದಲ್ಲೂ ಇದೇ ಮರೆವು ಮುಂದುವರಿದಿದೆ. ಬೆನ್ನುನೋವಿಗೆ ಯೋಗದ ಬಗ್ಗೆ 2017ರ ಕೊಕ್ರೇನ್ ಪರಿಶೀಲನೆ 12 ಪ್ರಯೋಗಗಳ 1080 ಜನರ ದಾಖಲೆ ನೋಡಿತು. ವ್ಯಾಯಾಮವನ್ನೇ ಮಾಡದವರಿಗಿಂತ ಮೂರು, ಆರು ತಿಂಗಳಲ್ಲಿ ಸಣ್ಣದರಿಂದ ಮಧ್ಯಮ ಪ್ರಮಾಣದ ಸುಧಾರಣೆ ಕಂಡಿತು. ಬೇರೆ ವ್ಯಾಯಾಮಕ್ಕಿಂತ ಯೋಗ ಮೇಲೋ ಅಲ್ಲವೋ ಎಂಬುದು ಖಚಿತವಾಗಲಿಲ್ಲ. ಆ ಅನಿಶ್ಚಯ ನನಗೆ ಆಶ್ಚರ್ಯ ತರುವುದಿಲ್ಲ. ಭಂಗಿಯನ್ನು ಭಂಗಿಯ ಜೊತೆ ತೂಗಿದರೆ ತಕ್ಕಡಿ ಸಮ ನಿಲ್ಲುವುದೇ ಹೆಚ್ಚು. ಇನ್ನೊಂದು ಕಡೆ, ಬರ್ನಾರ್ಡಿ ತಂಡ 2001ರಲ್ಲಿ 23 ಆರೋಗ್ಯವಂತರಿಂದ ಜಪಮಾಲೆಯ ಪ್ರಾರ್ಥನೆಯನ್ನೂ ಯೋಗದ ಮಂತ್ರವನ್ನೂ ಹೇಳಿಸಿದಾಗ, ಎರಡರಲ್ಲೂ ಉಸಿರು ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯಿತು. ರಕ್ತದೊತ್ತಡದ ಏರಿಳಿತಕ್ಕೆ ಹೃದಯ ಓಗೊಡುವ ಪ್ರತಿವರ್ತನೆಯೂ ಚುರುಕಾಯಿತು. ಅಲ್ಲಿ ಆಸನವೇ ಇರಲಿಲ್ಲ. ಇದ್ದದ್ದು ಸಡಿಲಗೊಂಡ ಜೀವನಪ್ರಯತ್ನ. ಎರಡು ಅಧ್ಯಯನಗಳ ನಡುವಿನ ಜಾಗದಲ್ಲಿ, ಅಂದರೆ ಎಣಿಸಿದ ಉಸಿರಿಗೆ ಕಟ್ಟಿದ ಚಲನೆಯಲ್ಲಿ, ಆಚಾರ್ಯರ ಪಟ್ಟಿ ಇದೆ.

‘ಯೋಗಮಕರಂದ’ದಲ್ಲಿ ಪಶ್ಚಿಮತಾನಾಸನದ ಮೊದಲ ಕ್ರಮಕ್ಕೆ 16 ವಿನ್ಯಾಸ. ಮೈ ಬಗ್ಗುವುದು ಅವುಗಳ ನಡುವೆ ಎಲ್ಲೋ ಒಂದು ಕಡೆ. ಉಳಿದವು ಅಲ್ಲಿಗೆ ಹೋಗುವ, ಅಲ್ಲಿಂದ ಮರಳುವ ದಾರಿ. ಒಂದು ಗುಂಪಿಗೆ ಈ ಹದಿನಾರನ್ನೂ ಉಸಿರಿನ ಲೆಕ್ಕದ ಜೊತೆ ಕಲಿಸಿ, ಇನ್ನೊಂದಕ್ಕೆ ಅದೇ ಚಲನೆಗಳನ್ನು ಲೆಕ್ಕವಿಲ್ಲದೆ ಕಲಿಸಿ, ಇಬ್ಬರ ಬೆನ್ನನ್ನೂ ನಾಡಿಯನ್ನೂ ನಿಮಿಷಕ್ಕೆಷ್ಟು ಉಸಿರು ಎಂಬುದನ್ನೂ ಬರೆದಿಟ್ಟರೆ ಪ್ಯಾರಾದ ಓದು ಪರೀಕ್ಷೆಗೆ ಒಳಗಾಗುತ್ತದೆ. ಅದನ್ನು ಮಾಡುವವರು ಶಿಷ್ಯರ ಪುಸ್ತಕಗಳನ್ನು ಪಕ್ಕಕ್ಕಿಟ್ಟು 1941ರ ಪಟ್ಟಿಯನ್ನು ಅದರ ಕುಂಭಕದ ಕಲಮಿನ ಸಮೇತ ತೆಗೆದುಕೊಳ್ಳಬೇಕು.