ಹೀಟ್ ಪಂಪ್ ಇರುವ ಮನೆಗಳ ವಿದ್ಯುತ್ ಬಳಕೆ: ಕಲಬುರಗಿ ಸೀಮೆಯ ಬೇಸಿಗೆ ಲೆಕ್ಕ

ಹೀಟ್ ಪಂಪ್ ಎಂದರೆ ಶಾಖವನ್ನು ಒಂದು ಕಡೆಯಿಂದ ಎತ್ತಿ ಮತ್ತೊಂದು ಕಡೆಗೆ ಸಾಗಿಸುವ ಯಂತ್ರ. ಯುರೋಪಿನ ಚಳಿ ದೇಶಗಳಲ್ಲಿ ಅದು ಹೊರಗಿನ ಗಾಳಿಯಲ್ಲಿರುವ ಶಾಖವನ್ನು ಮನೆಯೊಳಗೆ ತರುತ್ತದೆ. ಆದ್ದರಿಂದ ಅಲ್ಲಿ ಬಳಕೆ ಏರುವುದು ಚಳಿಗಾಲದ ಮುಂಜಾನೆ ಹಾಗೂ ಸಂಜೆಗಳಲ್ಲಿ. ನಮ್ಮಲ್ಲಿ ಅದೇ ಯಂತ್ರ ತಿರುವುಮುರುವಾಗಿ ಕೆಲಸ ಮಾಡುತ್ತದೆ: ಒಳಗಿನ ಶಾಖವನ್ನು ಹೊರಗೆ ಹಾಕುತ್ತದೆ. ನಾವು ಅದನ್ನು ಏ.ಸಿ. ಎಂದು ಕರೆಯುತ್ತೇವೆ. ಅಡುಗೆ ಮನೆಯ ಫ್ರಿಜ್ ಕೂಡ ಇದೇ ಜಾತಿಯದು. ಹೀಗಾಗಿ ಹೀಟ್ ಪಂಪ್ ನಮಗೆ ಹೊಸದಲ್ಲ, ಹೆಸರಷ್ಟೇ ಹೊಸದು.

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಏಪ್ರಿಲ್–ಮೇ ತಿಂಗಳ ಮಧ್ಯಾಹ್ನ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದು ವಾಡಿಕೆ. ಬಿಸಿಲಿನ ಕಾರಣಕ್ಕೆ ಈ ಭಾಗದ ಸರ್ಕಾರಿ ಕಚೇರಿಗಳ ವೇಳೆಯನ್ನು ಆ ಎರಡು ತಿಂಗಳು ಬೆಳಗಿನ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವ ಪದ್ಧತಿಯೂ ಇದೆ. ಕಚೇರಿಯ ವೇಳೆ ಬದಲಾದರೂ ಮನೆಯ ವೇಳೆ ಬದಲಾಗದು. ಮನೆಯೊಳಗಿನ ನಿಜವಾದ ಕಷ್ಟ ಆರಂಭವಾಗುವುದು ರಾತ್ರಿ.

ಇದಕ್ಕೆ ಕಾರಣ ಛಾವಣಿ. ಈ ಸೀಮೆಯ ಹಳೆಯ ಮಾಳಿಗೆ ಮನೆಗಳಿಗೆ ದಪ್ಪ ಕಲ್ಲುಗೋಡೆ, ಮೇಲೆ ಮಣ್ಣಿನ ಹಾಸು, ಕೆಳಗೆ ಶಹಾಬಾದ್ ಪರಸಿ. ಹಗಲಿನ ಕಾವು ಗೋಡೆ ದಾಟಿ ಒಳಬರಲು ಬಹಳ ಹೊತ್ತು ಹಿಡಿಯುತ್ತಿತ್ತು. ಬಂದ ಕಾವು ಇಳಿಯುವವರೆಗೆ ಮನೆಮಂದಿ ಮಾಳಿಗೆಯ ಮೇಲೆ ಹಾಸಿಗೆ ಹಾಕುತ್ತಿದ್ದರು. ಇಂದು ಪಟ್ಟಣಗಳಲ್ಲಷ್ಟೇ ಅಲ್ಲ, ಆಳಂದ ತಾಲ್ಲೂಕಿನ ಕಿಣ್ಣಿ ಸುಲ್ತಾನದಂಥ ಗ್ರಾಮಗಳ ಸೀಮೆಯಲ್ಲಿಯೂ ಹೊಸ ಮನೆ ಎಂದರೆ ಆರ್.ಸಿ.ಸಿ. ಮನೆ. ನಾಲ್ಕೈದು ಅಂಗುಲದ ಕಾಂಕ್ರೀಟ್ ಹಾಸು ದಿನವಿಡೀ ಬಿಸಿಲು ಕುಡಿದು, ರಾತ್ರಿ ಕೆಳಗೆ ಮಲಗಿದವರ ಮೇಲೆ ಆ ಕಾವನ್ನು ಇಳಿಸುತ್ತದೆ. ಪಂಖಾ ತಿರುಗಿಸುವುದು ಅದೇ ಬಿಸಿ ಗಾಳಿಯನ್ನು. ವಿದ್ಯುತ್ ಬಳಕೆ ರಾತ್ರಿ ಹತ್ತರಿಂದ ಬೆಳಗಿನವರೆಗೆ ಚಾಚಿಕೊಳ್ಳಲು ಜನರ ವಿಲಾಸ ಕಾರಣವಲ್ಲ. ಮನೆ ಕಟ್ಟುವ ರೀತಿ ಬದಲಾದದ್ದು ಮುಖ್ಯ ಕಾರಣ.

ಕೂಲರ್ ಮತ್ತು ಏ.ಸಿ.

ಈ ಭಾಗದ ಬಹುತೇಕ ಮನೆಗಳ ಮೊದಲ ಆಸರೆ ಕೂಲರ್. ಅದು ಹೀಟ್ ಪಂಪ್ ಅಲ್ಲ. ನೀರು ಆವಿಯಾಗುವಾಗ ಗಾಳಿಯ ಶಾಖವನ್ನು ಹೀರಿಕೊಳ್ಳುತ್ತದೆ ಎಂಬ ಸರಳ ತತ್ವವೇ ಅದರ ಆಧಾರ. ಒಂದು ಲೀಟರ್ ನೀರು ಆವಿಯಾದರೆ ಸುಮಾರು 0.67 ಯೂನಿಟ್‌ನಷ್ಟು ಶಾಖ ಹೀರಲ್ಪಡುತ್ತದೆ. ಒಣ ಗಾಳಿಯ ಏಪ್ರಿಲ್–ಮೇ ತಿಂಗಳಿಗೆ ಇದು ಹೇಳಿ ಮಾಡಿಸಿದ ಉಪಾಯ. ಸುಮಾರು 200 ವ್ಯಾಟಿನ ಕೂಲರ್ ದಿನಕ್ಕೆ ಹತ್ತು ಗಂಟೆ ನಡೆದರೂ ತಿಂಗಳಿಗೆ 60 ಯೂನಿಟ್ ಮಾತ್ರ.

ಆದರೆ ಕೂಲರ್‌ಗೆ ನೀರು ಬೇಕು, ಗಂಟೆಗೆ ಹಲವು ಲೀಟರ್. ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾಯುವ ಬಡಾವಣೆಯಲ್ಲಿ ಈ ಲೆಕ್ಕ ಸಣ್ಣದಲ್ಲ. ಜೂನ್‌ನಲ್ಲಿ ಮೋಡ ಕಟ್ಟಿ ಗಾಳಿಯಲ್ಲಿ ತೇವ ಹೆಚ್ಚಿದಾಗ ಕೂಲರ್ ಕೈಕೊಡುತ್ತದೆ. ಕೋಣೆ ತಣಿಯುವ ಬದಲು ಮೈ ಜಿಗುಟಾಗುತ್ತದೆ. ಏ.ಸಿ. ಕೊಳ್ಳುವ ಆಲೋಚನೆ ಅನೇಕರಿಗೆ ಬರುವುದು ಈ ಹಂತದಲ್ಲಿಯೇ.

ಒಂದೂವರೆ ಟನ್ನಿನ ಏ.ಸಿ. ಗಂಟೆಗೆ ಸುಮಾರು 5.25 ಯೂನಿಟ್‌ಗೆ ಸಮನಾದ ಶಾಖವನ್ನು ಹೊರಹಾಕಬಲ್ಲದು. ಪೂರ್ಣ ಸಾಮರ್ಥ್ಯದಲ್ಲಿ ಅದಕ್ಕೆ ತಗಲುವ ವಿದ್ಯುತ್ ಸುಮಾರು ಒಂದೂವರೆ ಯೂನಿಟ್. ವಿದ್ಯುತ್ತನ್ನು ಶಾಖವನ್ನಾಗಿ ಪರಿವರ್ತಿಸದೆ, ಇರುವ ಶಾಖವನ್ನು ಸಾಗಿಸುವುದರಿಂದ ಈ ಉಳಿತಾಯ ಸಾಧ್ಯವಾಗುತ್ತದೆ. ಆದರೆ ಹೊರಗಿನ ಕಾವು ಹೆಚ್ಚಿದಷ್ಟೂ ಯಂತ್ರಕ್ಕೆ ಶ್ರಮ ಹೆಚ್ಚು. ಬೋರ್‌ವೆಲ್ ಆಳವಾದಂತೆ ಮೋಟಾರು ಹೆಚ್ಚು ವಿದ್ಯುತ್ ಎಳೆಯುವ ಹಾಗೆಯೇ. ಏ.ಸಿ. ಮೇಲಿನ ನಕ್ಷತ್ರದ ಚೀಟಿಯಲ್ಲಿ ಮುದ್ರಿಸುವ ವಾರ್ಷಿಕ ಯೂನಿಟ್, ವರ್ಷಕ್ಕೆ 1,600 ಗಂಟೆಗಳ ಬಳಕೆ ಮತ್ತು 24ರಿಂದ 43 ಡಿಗ್ರಿವರೆಗಿನ ಹೊರ ಉಷ್ಣಾಂಶವನ್ನು ಆಧರಿಸಿದ್ದು. ಮೇ ತಿಂಗಳ ಕಲಬುರಗಿಯ ಮಧ್ಯಾಹ್ನ ಕೆಲವೊಮ್ಮೆ ಈ ಪಟ್ಟಿಯನ್ನೇ ಮೀರುತ್ತದೆ. ಆದ್ದರಿಂದ ಚೀಟಿಯ ಅಂಕಿಯನ್ನು ಎರಡು ಏ.ಸಿ.ಗಳ ಹೋಲಿಕೆಗೆ ಬಳಸಬಹುದೇ ಹೊರತು ಇಲ್ಲಿನ ಬೇಸಿಗೆ ಬಿಲ್ಲಿನ ಅಂದಾಜಿಗೆ ಅಲ್ಲ.

ಐದು ನಕ್ಷತ್ರದ ಇನ್ವರ್ಟರ್ ಏ.ಸಿ. ರಾತ್ರಿ ಎಂಟು ಗಂಟೆ ನಡೆದರೆ ಗಂಟೆಗೆ ಸರಾಸರಿ ಅರ್ಧ ಯೂನಿಟ್‌ನಂತೆ ತಿಂಗಳಿಗೆ ಸುಮಾರು 120 ಯೂನಿಟ್ ಎಂದು ಹಿಡಿಯಬಹುದು. ಹಳೆಯ ಏಕವೇಗದ ಯಂತ್ರವಾದರೆ ಸುಮಾರು 240.

ಗೃಹಜ್ಯೋತಿಯ ಮಿತಿ

2023ರ ಆಗಸ್ಟ್ 5ರಂದು ಕಲಬುರಗಿಯಲ್ಲಿಯೇ ಚಾಲನೆ ಪಡೆದ ಗೃಹಜ್ಯೋತಿ ಯೋಜನೆಯ ನಿಯಮಗಳು ಈ ಅಂಕಿಗಳಿಗೆ ಬೇರೆಯೇ ಅರ್ಥ ಕೊಟ್ಟಿವೆ. 2022–23ನೇ ಸಾಲಿನ ಮಾಸಿಕ ಸರಾಸರಿ ಬಳಕೆಗೆ ಶೇ 10ರಷ್ಟು ಸೇರಿಸಿ ಪ್ರತಿ ಮನೆಗೂ ಉಚಿತ ಯೂನಿಟ್ ನಿಗದಿಪಡಿಸಲಾಯಿತು. ಅದನ್ನು ಮೀರಿದರೂ 200 ಯೂನಿಟ್ ಒಳಗಿದ್ದರೆ ಹೆಚ್ಚುವರಿಗೆ ಮಾತ್ರ ಹಣ. 200 ದಾಟಿದರೆ ಆ ತಿಂಗಳ ಪೂರ್ಣ ಬಿಲ್.

ಸರಾಸರಿ 60 ಯೂನಿಟ್ ಬಳಸುತ್ತಿದ್ದ ಕುಟುಂಬವೊಂದನ್ನು ಊಹಿಸಿಕೊಳ್ಳೋಣ. ಅದರ ಉಚಿತ ಪಾಲು 66. ಮೇ ತಿಂಗಳಲ್ಲಿ ಪಂಖಾ, ಫ್ರಿಜ್, ದೀಪಗಳಿಗೇ 80 ಯೂನಿಟ್ ಆಯಿತೆನ್ನಿ. ಕೂಲರ್ ಸೇರಿದರೆ 140. ಹಣ ಕಟ್ಟಬೇಕಾದದ್ದು 74 ಯೂನಿಟ್‌ಗೆ. 2024ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಯೂನಿಟ್‌ಗೆ 5.90 ರೂಪಾಯಿ ದರದಲ್ಲಿ ಇದು ಸುಮಾರು 437 ರೂಪಾಯಿ. ಕೂಲರ್ ಬದಲು ಇನ್ವರ್ಟರ್ ಏ.ಸಿ. ಇದ್ದರೆ ಒಟ್ಟು 200 ಯೂನಿಟ್, ಸುಮಾರು 791 ರೂಪಾಯಿ. ಮಧ್ಯಾಹ್ನವೂ ನಿತ್ಯ ಎರಡು ಗಂಟೆ ಹಚ್ಚಿದರೆ ಬಳಕೆ 236ರ ಆಸುಪಾಸಿಗೆ ಹೋಗಿ ಬಿಲ್ 1,392 ರೂಪಾಯಿಗೆ ಜಿಗಿಯುತ್ತದೆ. ನಿಗದಿತ ಶುಲ್ಕ ಮತ್ತು ತೆರಿಗೆ ಬೇರೆ. ಏರಿದ್ದು 36 ಯೂನಿಟ್, ಬಿದ್ದ ಹೊರೆ 600 ರೂಪಾಯಿ.

ಇಲ್ಲಿ ಒಂದು ಸೂಕ್ಷ್ಮವಿದೆ. ಉಚಿತ ಪಾಲು ಹನ್ನೆರಡು ತಿಂಗಳ ಸರಾಸರಿ. ಆದರೆ ಬಿಲ್ ಬರುವುದು ತಿಂಗಳಿಗೊಮ್ಮೆ. ಹವೆ ಹೆಚ್ಚು ಏರುಪೇರಾಗದ ಊರಿನಲ್ಲಿ ಇದರಿಂದ ತೊಂದರೆಯಿಲ್ಲ. ವರ್ಷದ ಬಳಕೆಯ ದೊಡ್ಡ ಪಾಲು ಮೂರು ತಿಂಗಳಲ್ಲಿ ಮುಗಿಯುವ ಕಲಬುರಗಿಯಂಥ ಕಡೆ, ಸರಾಸರಿ ಬೇಸಿಗೆಯನ್ನು ಮರೆಮಾಚುತ್ತದೆ. ಡಿಸೆಂಬರಿನಲ್ಲಿ ಉಳಿದ ಉಚಿತ ಯೂನಿಟ್ ಮೇ ತಿಂಗಳಿಗೆ ಒದಗುವುದಿಲ್ಲ. ಬಿಸಿಲ ನಾಡಿನ ಮನೆಗಳಿಗೆ ಋತುಮಾನಕ್ಕೆ ತಕ್ಕ ಮಿತಿ ಬೇಕೆಂಬ ವಾದಕ್ಕೆ ಹುರುಳಿದೆ.

ಹಳ್ಳಿಯ ಟಿ.ಸಿ.ಗೂ ಮಿತಿ

ಮನೆಯ ಬಿಲ್ಲಿನಾಚೆಗೆ ಊರಿನ ಟ್ರಾನ್ಸ್‌ಫಾರ್ಮರ್ ಇದೆ. 25 ಕೆ.ವಿ.ಎ. ಸಾಮರ್ಥ್ಯದ ಟಿ.ಸಿ. ಮೇಲೆ ಸುಮಾರು ಹದಿನೈದು ಏ.ಸಿ.ಗಳು ಒಟ್ಟಿಗೆ ಪೂರ್ಣ ವೇಗದಲ್ಲಿ ನಡೆದರೆ ಉಳಿದ ಮನೆಗಳ ದೀಪಕ್ಕೆ ಜಾಗವಿರುವುದಿಲ್ಲ. ವೋಲ್ಟೇಜ್ ಕುಸಿದರೆ ಹಳೆಯ ಕಂಪ್ರೆಸರ್ ಚಾಲೂ ಆಗದೆ ಬಿಸಿಯಾಗಿ ಸುಟ್ಟುಹೋಗುವ ಅಪಾಯವಿದೆ. ಪಂಪ್‌ಸೆಟ್ ಮಾರ್ಗವನ್ನೂ ಮನೆಗಳ ಮಾರ್ಗವನ್ನೂ ಬೇರ್ಪಡಿಸಿದ ನಿರಂತರ ಜ್ಯೋತಿ ಯೋಜನೆ ಹಳ್ಳಿಗಳ ಸರಬರಾಜನ್ನು ಸುಧಾರಿಸಿತು. ಆದರೆ ಅದರ ಲೆಕ್ಕ ದೀಪ, ಪಂಖಾ, ಟಿ.ವಿ.ಗಳದ್ದು. ಒಂದು ಕಿಲೋವ್ಯಾಟ್ ಮಂಜೂರಾತಿಯ ಮನೆಯಲ್ಲಿ ಏ.ಸಿ. ಕೂಡಿಸುವವರು ಮೊದಲು ಜೆಸ್ಕಾಂಗೆ ಅರ್ಜಿ ಕೊಟ್ಟು ಲೋಡ್ ಹೆಚ್ಚಿಸಿಕೊಳ್ಳುವುದು ಕಾಯ್ದೆಯ ದೃಷ್ಟಿಯಿಂದಲೂ ಸುರಕ್ಷತೆಯ ದೃಷ್ಟಿಯಿಂದಲೂ ಅಗತ್ಯ.

ವೇಳೆಯ ಪ್ರಶ್ನೆಯೂ ಇದೆ. ಪಾವಗಡದ 2,050 ಮೆಗಾವ್ಯಾಟ್ ಸೌರ ಪಾರ್ಕ್ ಸೇರಿ ರಾಜ್ಯದ ಸೌರ ವಿದ್ಯುತ್ ಹೇರಳವಾಗಿರುವುದು ಹಗಲಿನಲ್ಲಿ. ಮಲಗುವ ಕೋಣೆಯ ಏ.ಸಿ. ಕೇಳುವುದು ರಾತ್ರಿ.

ಬಳಕೆ ಇಳಿಸುವ ಬಗೆ

2020ರ ಜನವರಿ 1ರಿಂದ ದೇಶದಲ್ಲಿ ನಕ್ಷತ್ರ ಚೀಟಿಯ ಕೋಣೆ ಏ.ಸಿ.ಗಳು 24 ಡಿಗ್ರಿಗೆ ಹೊಂದಿಸಿಯೇ ಬರಬೇಕೆಂಬ ನಿಯಮವಿದೆ. ಒಂದೊಂದು ಡಿಗ್ರಿ ಏರಿಸಿದಾಗ ಸುಮಾರು ಶೇ 6ರಷ್ಟು ವಿದ್ಯುತ್ ಉಳಿಯುತ್ತದೆ ಎಂಬುದು ಇಂಧನ ದಕ್ಷತಾ ಬ್ಯೂರೋದ ಲೆಕ್ಕ. 27ಕ್ಕೆ ಇಟ್ಟು ಜೊತೆಗೆ ಪಂಖಾ ಹಚ್ಚಿದರೆ ನಿದ್ರೆಗೆ ಕೊರತೆಯಾಗದು. ಅದಕ್ಕೂ ಮೊದಲು ಛಾವಣಿಗೆ ಬಿಳಿ ಸುಣ್ಣ ಬಳಿಯುವುದು ಕಡಿಮೆ ಖರ್ಚಿನ ಕೆಲಸ; ಒಳಬರುವ ಕಾವನ್ನೇ ತಡೆದರೆ ಹೊರಹಾಕುವ ಶ್ರಮ ಉಳಿಯಿತಲ್ಲವೇ?

ಸ್ನಾನದ ನೀರು ಕಾಯಿಸುವ ಹೀಟ್ ಪಂಪ್‌ಗಳೂ ಬಂದಿವೆ. ನೂರು ಲೀಟರ್ ನೀರನ್ನು 25 ಡಿಗ್ರಿಯಷ್ಟು ಬಿಸಿ ಮಾಡಲು ಗೀಸರ್‌ಗೆ ಸುಮಾರು 3 ಯೂನಿಟ್ ಬೇಕಾದರೆ ಇವುಗಳಿಗೆ ಒಂದು ಸಾಕು. ಹಾಸ್ಟೆಲ್, ವಸತಿಗೃಹಗಳಿಗೆ ಲಾಭಕರ. ಎರಡು ಬಕೆಟ್ ನೀರು ಸಾಕಾಗುವ ಮನೆಗೆ ಇಷ್ಟು ದುಬಾರಿ ಯಂತ್ರ ಬೇಡ.

ತಮ್ಮ ಮನೆಯ ಬಳಕೆಯ ರೀತಿ ತಿಳಿಯಬಯಸುವವರು ಮೇ ತಿಂಗಳ ಯಾವುದಾದರೂ ಮೂರು ದಿನ ರಾತ್ರಿ ಹತ್ತಕ್ಕೂ ಬೆಳಗಿನ ಆರಕ್ಕೂ ಮೀಟರಿನ ಅಂಕಿ ಬರೆದಿಟ್ಟುಕೊಳ್ಳಬಹುದು. ಒಂದು ರಾತ್ರಿಯ ವ್ಯತ್ಯಾಸ 4 ಯೂನಿಟ್ ದಾಟಿದರೆ ರಾತ್ರಿಯ ಬಳಕೆಯೊಂದೇ ತಿಂಗಳಿಗೆ 120 ಯೂನಿಟ್ ಮೀರುತ್ತದೆ. ಹಗಲಿನ ಪಂಖಾ, ಫ್ರಿಜ್, ಕೂಲರ್‌ಗಳಿಗೆ ಉಳಿಯುವುದು 80ಕ್ಕಿಂತ ಕಡಿಮೆ.