ದಿವಾನಖಾನೆಯಲ್ಲಿ ಕಾರು: ಮೆಚ್ಚಿನ ವಾಹನವೇ ಮನೆಯ ಶೋಭೆಯಾದಾಗ

ಮನೆಗೊಂದು ಕಾರು, ಕಾರಿಗೊಂದು ಶೆಡ್ಡು ಎಂಬುದು ಸಾಮಾನ್ಯ ಲೆಕ್ಕಾಚಾರ. ಅಪರೂಪದ ಕಾರೊಂದನ್ನು ಒಡೆತನದಲ್ಲಿ ಇಟ್ಟುಕೊಂಡವರಿಗೆ ಈ ಲೆಕ್ಕಾಚಾರ ಒಪ್ಪಿಗೆಯಾಗುವುದಿಲ್ಲ. ಅಷ್ಟು ಚೆಲುವಾದ ವಸ್ತುವನ್ನು ಕತ್ತಲೆಯ ಕೋಣೆಯಲ್ಲಿ ಹೊದಿಕೆಯಡಿ ಬಚ್ಚಿಡುವ ಬದಲು ಕುಳಿತಲ್ಲಿಂದಲೇ ಕಾಣುವಂತೆ ಇಡಬಾರದೇಕೆ ಎಂಬುದು ಅವರ ಪ್ರಶ್ನೆ. ಅಮೆರಿಕ, ಜಪಾನ್, ಸಿಂಗಪುರ ಮೊದಲಾದ ದೇಶಗಳ ವಾಸ್ತುಶಿಲ್ಪಿಗಳು ಈ ಪ್ರಶ್ನೆಗೆ ಕಳೆದ ಅರ್ಧ ಶತಮಾನದಲ್ಲಿ ಬಗೆಬಗೆಯ ಉತ್ತರಗಳನ್ನು ಕೊಟ್ಟಿದ್ದಾರೆ. ಗಾಜಿನ ಗೋಡೆಯಾಚೆ ಶಿಲ್ಪದಂತೆ ನಿಂತ ಕಾರು, ನೆಲದಡಿಯಿಂದ ಹಜಾರಕ್ಕೆ ಎದ್ದು ಬರುವ ಕಾರು, ಲಿಫ್ಟಿನಲ್ಲಿ ಹತ್ತಾರು ಮಹಡಿ ಏರಿ ಮಾಲೀಕನ ಪಡಸಾಲೆಯ ಪಕ್ಕಕ್ಕೆ ಬಂದು ನಿಲ್ಲುವ ಕಾರು ಇಂದು ಕಲ್ಪನೆಯ ಸಂಗತಿಗಳಲ್ಲ.

ಆದರೆ ಕಾರು ಚಿತ್ರಪಟವಲ್ಲ. ಅದರ ಹೊಟ್ಟೆಯಲ್ಲಿ ಪೆಟ್ರೋಲ್ ಇದೆ, ಉಸಿರಿನಲ್ಲಿ ವಿಷಾನಿಲವಿದೆ, ಒಂದು ಟನ್ನಿಗೂ ಮೀರಿದ ತೂಕವಿದೆ. ಅದನ್ನು ಜನ ಮಲಗುವ ಮನೆಯೊಳಗೆ ತರುವುದು ಅಲಂಕಾರಕ್ಕಿಂತ ಹೆಚ್ಚಾಗಿ ಸುರಕ್ಷತೆಯ ವಿಷಯ.

ಲಾಯದಿಂದ ಮನೆಯ ಮಗ್ಗುಲಿಗೆ

ಕಾರು ಬಳಕೆಗೆ ಬಂದ ಆರಂಭದ ದಿನಗಳಲ್ಲಿ ಅದರ ಸ್ಥಾನ ಮನೆಯಿಂದ ದೂರದಲ್ಲಿತ್ತು. ಕುದುರೆ ಲಾಯಗಳು ಮತ್ತು ಸಾರೋಟಿನ ಕೊಟ್ಟಿಗೆಗಳೇ ಮೊದಲ ಗ್ಯಾರೇಜುಗಳಾದವು. ಬೆಂಕಿಯ ಭಯ ಇದಕ್ಕೆ ಮುಖ್ಯ ಕಾರಣವಾಗಿತ್ತು. ಈ ಅಂತರವನ್ನು ಕಡಿಮೆ ಮಾಡಿದವರಲ್ಲಿ ಅಮೆರಿಕದ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಪ್ರಮುಖರು. ಷಿಕಾಗೊದಲ್ಲಿ 1910ರಲ್ಲಿ ಪೂರ್ಣಗೊಂಡ ರೋಬಿ ಹೌಸ್‌ಗೆ ಅವರು ಮೂರು ಕಾರುಗಳ ಗ್ಯಾರೇಜನ್ನು ಮನೆಗೆ ಸೇರಿಸಿಯೇ ಕಟ್ಟಿದರು.

ಫ್ರಾನ್ಸಿನಲ್ಲಿ ಲ ಕಾರ್ಬೂಸಿಯೆ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. 1923ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಅವರು ಗ್ರೀಕ್ ದೇವಾಲಯಗಳ ಚಿತ್ರಗಳ ಜೊತೆಗೆ ಕಾರುಗಳ ಚಿತ್ರಗಳನ್ನು ಮುದ್ರಿಸಿ, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರು. ಪ್ಯಾರಿಸ್ ಸಮೀಪದ ಪ್ವಾಸಿಯಲ್ಲಿ 1928ರಿಂದ 1931ರ ಅವಧಿಯಲ್ಲಿ ನಿರ್ಮಾಣವಾದ ಅವರ ವಿಲಾ ಸವೋಯ್‌ನಲ್ಲಿ ಮೇಲಿನ ಮಹಡಿ ಕಂಬಗಳ ಮೇಲೆ ನಿಂತಿದೆ. ಆ ಕಂಬಗಳ ನಡುವೆ ಕಾರು ಮನೆಯಡಿಗೆ ಬಂದು, ತಿರುವು ಪಡೆದು, ಬಾಗಿಲಲ್ಲಿ ಜನರನ್ನು ಇಳಿಸಿ ಗ್ಯಾರೇಜು ಸೇರುತ್ತದೆ. ನೆಲಮಹಡಿಯ ಬಾಗಿದ ಗಾಜಿನ ಗೋಡೆಗೆ ಆ ಆಕಾರ ಬಂದದ್ದೇ ಕಾರು ತಿರುಗಲು ಬೇಕಾದ ಜಾಗದ ಅಳತೆಯಿಂದ. ಇಲ್ಲಿ ಕಾರು ಪ್ರದರ್ಶನದ ವಸ್ತುವಾಗಿರಲಿಲ್ಲ. ಆದರೆ ಕಾರಿಗೆ ತಕ್ಕಂತೆ ಮನೆಯನ್ನು ರೂಪಿಸಬೇಕೆಂಬ ತತ್ತ್ವ ಇಲ್ಲಿಯೇ ಬೇರೂರಿತು.

ಕಾರು ನೋಡತಕ್ಕ ಕಲಾವಸ್ತು ಎಂಬ ಮನ್ನಣೆ ದೊರೆತದ್ದು ನ್ಯೂಯಾರ್ಕಿನಲ್ಲಿ. ಅಲ್ಲಿನ ಆಧುನಿಕ ಕಲಾ ವಸ್ತುಸಂಗ್ರಹಾಲಯ 1951ರಲ್ಲಿ ಎಂಟು ಕಾರುಗಳ ಪ್ರದರ್ಶನ ಏರ್ಪಡಿಸಿ, ಅವುಗಳ ರೂಪವನ್ನೇ ವಿಮರ್ಶೆಗೆ ಒಡ್ಡಿತು. 1972ರಲ್ಲಿ ಇಟಲಿಯ ಸಿಸಿಟಾಲಿಯ 202 ಕಾರು ಅದೇ ಸಂಸ್ಥೆಯ ಕಾಯಂ ಸಂಗ್ರಹಕ್ಕೆ ಸೇರಿತು. ವಸ್ತುಸಂಗ್ರಹಾಲಯದ ಹಜಾರಕ್ಕೆ ಸಲ್ಲುವ ವಸ್ತು ಮನೆಯ ಹಜಾರಕ್ಕೂ ಸಲ್ಲುತ್ತದೆ ಎಂಬ ವಾದಕ್ಕೆ ಇದರಿಂದ ಬಲ ಬಂದಿತು.

ಕೊರಕಲಿನ ಮೇಲಿನ ಗಾಜಿನ ಮಂಟಪ

ಈ ಪ್ರಕಾರದ ಅತ್ಯಂತ ಪ್ರಸಿದ್ಧ ಮನೆ ಷಿಕಾಗೊದ ಉತ್ತರಕ್ಕಿರುವ ಹೈಲ್ಯಾಂಡ್ ಪಾರ್ಕಿನಲ್ಲಿದೆ. ವಸ್ತ್ರ ವಿನ್ಯಾಸಕ ಬೆನ್ ರೋಸ್ ಅವರಿಗಾಗಿ ಎ. ಜೇಮ್ಸ್ ಸ್ಪೇಯರ್ 1953ರಲ್ಲಿ ಈ ಮನೆಯನ್ನು ರೂಪಿಸಿದರು. ರೋಸ್ ಅವರ ಕಾರುಗಳಿಗಾಗಿ ಡೇವಿಡ್ ಹೇಡ್ 1974ರಲ್ಲಿ ಪ್ರತ್ಯೇಕವಾದ ಉಕ್ಕು ಮತ್ತು ಗಾಜಿನ ಮಂಟಪವೊಂದನ್ನು ಸೇರಿಸಿದರು. ಈ ಇಬ್ಬರೂ ಹೆಸರಾಂತ ವಾಸ್ತುಶಿಲ್ಪಿ ಮೀಸ್ ವಾನ್ ಡೆರ್ ರೋ ಅವರ ಶಿಷ್ಯರು. ಮರಗಳ ನಡುವಿನ ಕೊರಕಲಿನ ಅಂಚಿನಲ್ಲಿ ತೇಲುವಂತೆ ಕಾಣುವ ಈ ಮಂಟಪ 1986ರಲ್ಲಿ ತೆರೆಕಂಡ 'ಫೆರಿಸ್ ಬ್ಯೂಲರ್ಸ್ ಡೇ ಆಫ್' ಚಲನಚಿತ್ರದಿಂದ ವಿಶ್ವಖ್ಯಾತಿ ಪಡೆಯಿತು. ತಂದೆ ಪ್ರಾಣದಂತೆ ಕಾಪಾಡಿಕೊಂಡ ಫೆರಾರಿ 250 ಜಿಟಿ ಕ್ಯಾಲಿಫೋರ್ನಿಯ ಕಾರು ಗಾಜನ್ನು ಒಡೆದು ಕೊರಕಲಿಗೆ ಉರುಳುವ ದೃಶ್ಯ ಇಲ್ಲಿಯೇ ಚಿತ್ರೀಕರಣಗೊಂಡಿತು. ನಿಜವಾದ ಕಾರು ಅತಿ ದುಬಾರಿಯಾದ್ದರಿಂದ ಚಿತ್ರಕ್ಕೆ ಬಳಸಿದ್ದು ಪ್ರತಿಕೃತಿಗಳನ್ನು.

ಮಂಟಪ ವಾಸದ ಮನೆಗೆ ಅಂಟಿಕೊಂಡಿಲ್ಲ ಎಂಬುದು ಇಲ್ಲಿ ಗಮನಾರ್ಹ. ಹೊಗೆ, ವಾಸನೆ, ಬೆಂಕಿ ಯಾವುದೂ ಮಲಗುವ ಕೋಣೆಗಳನ್ನು ತಲುಪದಂತೆ ನಡುವೆ ಬಯಲಿದೆ. ಕಾರು ಕಣ್ಣಿಗೆ ಹತ್ತಿರವಾಗಿದ್ದರೂ ಮನೆಗೆ ದೂರ. ಆದರೆ ಇಂತಹ ಮನೆಯನ್ನು ಮಾರುವುದು ಸುಲಭವಲ್ಲ. 2009ರಲ್ಲಿ 23 ಲಕ್ಷ ಡಾಲರ್ ಬೆಲೆಗೆ ಮಾರಾಟಕ್ಕಿಟ್ಟ ಈ ಮನೆ ಕೈ ಬದಲಾಯಿಸಿದ್ದು 2014ರಲ್ಲಿ, ಅದೂ ಸುಮಾರು 10 ಲಕ್ಷ 60 ಸಾವಿರ ಡಾಲರ್‌ಗೆ. ಒಬ್ಬರ ಅಭಿರುಚಿಗೆ ತಕ್ಕಂತೆ ಕಟ್ಟಿದ ಮನೆಗೆ ಎರಡನೆಯ ಮಾಲೀಕರು ಸಿಗುವುದು ನಿಧಾನ ಎಂಬುದಕ್ಕೆ ಇದೊಂದು ನಿದರ್ಶನ.

ಜಪಾನಿನ ಗ್ಯಾರೇಜು ಮನೆಗಳು

ವಿಶಾಲ ನಿವೇಶನಗಳ ಅಮೆರಿಕಕ್ಕಿಂತ ಇಕ್ಕಟ್ಟಿನ ಜಪಾನಿನಲ್ಲಿ ಈ ಕಲೆ ಹೆಚ್ಚು ಸೂಕ್ಷ್ಮವಾಗಿ ಬೆಳೆದಿದೆ. ಇದರ ಹಿನ್ನೆಲೆಯಲ್ಲಿ ಒಂದು ಕಾನೂನಿದೆ. 1962ರ ಶಾಸನದ ಪ್ರಕಾರ ಅಲ್ಲಿ ಕಾರು ಹೊಂದುವವರು ಅದನ್ನು ನಿಲ್ಲಿಸಲು ಸ್ವಂತದ ಅಥವಾ ಬಾಡಿಗೆಯ ಜಾಗವಿದೆ ಎಂಬುದನ್ನು ತೋರಿಸಿ, ಪೊಲೀಸರಿಂದ ಪ್ರಮಾಣಪತ್ರ ಪಡೆಯಬೇಕು. ಆ ಜಾಗ ವಾಸಸ್ಥಳದಿಂದ ಎರಡು ಕಿಲೋಮೀಟರ್ ಒಳಗಿರಬೇಕು. ರಸ್ತೆ ಬದಿಯಲ್ಲಿ ಕಾರು ಬಿಟ್ಟು ಮಲಗುವ ಅವಕಾಶ ಇಲ್ಲದಿರುವುದರಿಂದ ಪುಟ್ಟ ನಿವೇಶನದಲ್ಲಿಯೂ ಕಾರಿಗೊಂದು ಪಾಲು ಕೊಡುವುದು ಅನಿವಾರ್ಯ. ಹೇಗೂ ಕೊಡಲೇಬೇಕಾದ ಜಾಗವನ್ನು ಮನೆಯ ಶೋಭೆಯಾಗಿ ಪರಿವರ್ತಿಸಿದರೆ ನಷ್ಟವೇನು ಎಂಬ ಆಲೋಚನೆಯಿಂದ 'ಗ್ಯಾರೇಜು ಮನೆ' ಎಂಬ ಪ್ರಕಾರವೇ ಹುಟ್ಟಿಕೊಂಡಿತು.

ಇಂತಹ ಮನೆಗಳಲ್ಲಿ ನೆಲಮಹಡಿಯ ಗ್ಯಾರೇಜು ಮತ್ತು ಓದುವ ಕೋಣೆಯ ನಡುವೆ ಗಾಜಿನ ಗೋಡೆ ಮಾತ್ರ ಇರುತ್ತದೆ. ಕಾರಿನ ಮೇಲೆ ಬೀಳುವ ಬೆಳಕಿಗೆ ಪ್ರತ್ಯೇಕ ದೀಪಗಳ ಯೋಜನೆ ಇರುತ್ತದೆ. ಟೋಕಿಯೊದಲ್ಲಿ ವಾಸ್ತುಶಿಲ್ಪಿ ಟಕುಯಾ ತ್ಸುಚಿದ ರೂಪಿಸಿದ ಕೆಆರ್‌ಇ ಮನೆಯಲ್ಲಿ ಒಂಬತ್ತು ಕಾರುಗಳಿಗೆ ಸ್ಥಳವಿದೆ. ಮಾಲೀಕ ಬಯಸಿದಾಗ ಅವುಗಳಲ್ಲೊಂದು ಯಾಂತ್ರಿಕ ವೇದಿಕೆಯ ಮೇಲೆ ನೇರವಾಗಿ ದಿವಾನಖಾನೆಗೆ ಏರಿ ಬರುತ್ತದೆ.

ಲಿಫ್ಟ್ ಏರಿದ ಕಾರುಗಳು

ಬಹುಮಹಡಿ ಕಟ್ಟಡಗಳಿಗೂ ಈ ಪದ್ಧತಿ ವಿಸ್ತರಿಸಿದೆ. ಸಿಂಗಪುರದಲ್ಲಿ 2012ರಲ್ಲಿ ಸಿದ್ಧವಾದ 30 ಮಹಡಿಗಳ ಹ್ಯಾಮಿಲ್ಟನ್ ಸ್ಕಾಟ್ಸ್ ಕಟ್ಟಡದಲ್ಲಿ ಕಾರುಗಳು ಲಿಫ್ಟಿನಲ್ಲಿ ಏರಿ, ಮಾಲೀಕರ ದಿವಾನಖಾನೆಯ ಗಾಜಿನಾಚೆ ನಿಲ್ಲುತ್ತವೆ. ಅಮೆರಿಕದ ಮಯಾಮಿ ಬಳಿಯ ಸನ್ನಿ ಐಲ್ಸ್ ಬೀಚಿನಲ್ಲಿ 2017ರಲ್ಲಿ ಪೂರ್ಣಗೊಂಡ 60 ಮಹಡಿಗಳ ಪೋರ್ಷೆ ಡಿಸೈನ್ ಟವರಿನಲ್ಲಿ ಮಾಲೀಕರು ಕಾರಿನಲ್ಲಿ ಕುಳಿತೇ ತಮ್ಮ ಮಹಡಿಗೆ ಏರಬಹುದು.

ಇಂತಹ ವೈಭವ ಎಲ್ಲೆಡೆ ಸ್ವಾಗತ ಪಡೆದಿಲ್ಲ. ಬರ್ಲಿನ್ ನಗರದ ಕ್ರಾಯ್ಟ್ಸ್‌ಬರ್ಗ್ ಬಡಾವಣೆಯಲ್ಲಿ ಪ್ರತಿ ಮನೆಯ ಮಗ್ಗುಲಿಗೆ ಕಾರನ್ನು ಏರಿಸುವ 'ಕಾರ್‌ಲಾಫ್ಟ್' ಕಟ್ಟಡ ತಲೆಯೆತ್ತಿದಾಗ ತೀವ್ರ ಪ್ರತಿಭಟನೆ ವ್ಯಕ್ತವಾಯಿತು. ಕಡಿಮೆ ಬಾಡಿಗೆಯ ಮನೆಗಳಲ್ಲಿ ಶ್ರಮಿಕರು, ವಲಸಿಗರು, ವಿದ್ಯಾರ್ಥಿಗಳು ಬದುಕಿದ್ದ ಬಡಾವಣೆ ಅದು. ಬಾಡಿಗೆ ಏರಿಕೆಯಿಂದ ಮನುಷ್ಯರಿಗೆ ಸೂರು ದುಬಾರಿಯಾಗುತ್ತಿರುವಾಗ ಕಾರಿಗೆ ಮಹಡಿಯ ಮೇಲೆ ಕೋಣೆಯೇ ಎಂಬುದು ಸ್ಥಳೀಯರ ಆಕ್ರೋಶವಾಗಿತ್ತು. ಕಟ್ಟಡದ ಮೇಲೆ ದಾಳಿಗಳೂ ನಡೆದವು.

ನೆಲದ ತಾಳಿಕೆ, ಗಾಳಿಯ ಎಚ್ಚರ

ಕಾರನ್ನು ಮನೆಯೊಳಗೆ ತರುವವರು ಮೊದಲು ವಿಚಾರಿಸಬೇಕಾದುದು ನೆಲದ ತಾಳಿಕೆಯನ್ನು. ಭಾರತೀಯ ಮಾನಕದ ಪ್ರಕಾರ ವಾಸದ ಕೋಣೆಗಳ ನೆಲವನ್ನು ಚದರ ಮೀಟರಿಗೆ ಸುಮಾರು 200 ಕಿಲೋಗ್ರಾಂ ಬಳಕೆಯ ಭಾರಕ್ಕೆ ವಿನ್ಯಾಸಗೊಳಿಸಲಾಗುತ್ತದೆ. 1,500 ಕಿಲೋಗ್ರಾಂ ತೂಕದ ಕಾರು ಸುಮಾರು ಎಂಟು ಚದರ ಮೀಟರ್ ಜಾಗ ಆವರಿಸುತ್ತದೆ. ಭಾಗಿಸಿ ನೋಡಿದರೆ ಭಾರ ಮಿತಿಯೊಳಗೇ ಇದೆ ಎನಿಸುತ್ತದೆ. ಈ ಲೆಕ್ಕವೇ ಮೋಸದ್ದು. ಕಾರಿನ ಪೂರ್ತಿ ಭಾರ ಅಂಗೈಯಗಲದ ನಾಲ್ಕು ಜಾಗಗಳಲ್ಲಿ, ಟೈರುಗಳ ಮೂಲಕ ನೆಲಕ್ಕೆ ಇಳಿಯುತ್ತದೆ. ಒಂದೊಂದರ ಮೇಲೂ 375 ಕಿಲೋಗ್ರಾಂನಷ್ಟು ಭಾರ ಬೀಳುತ್ತದೆ. ಆದ್ದರಿಂದ ಭೂಮಿಗೆ ತಾಗಿದ ನೆಲಮಹಡಿಯೇ ಕಾರಿಗೆ ಪ್ರಶಸ್ತ. ಮಹಡಿಯ ಮೇಲಾದರೆ ರಚನಾ ಎಂಜಿನಿಯರರ ಲಿಖಿತ ಒಪ್ಪಿಗೆ ಇಲ್ಲದೆ ಮುಂದುವರಿಯಬಾರದು.

ಎರಡನೆಯದು ಬೆಂಕಿ ಮತ್ತು ಹೊಗೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದುದು. ಅದು ನೆಲದ ಮೇಲೆ ಹರಡಿ, ತಗ್ಗಿನ ಕಡೆಗೆ ಹರಿದು, ಕಿಡಿಯೊಂದು ಸಿಕ್ಕರೆ ಹೊತ್ತಿಕೊಳ್ಳುತ್ತದೆ. ಇದೇ ಕಾರಣಕ್ಕೆ ಇಂಗ್ಲೆಂಡಿನ ಕಟ್ಟಡ ಮಾರ್ಗಸೂಚಿಯಲ್ಲಿ ಗ್ಯಾರೇಜಿನಿಂದ ಮನೆಯೊಳಗೆ ತೆರೆಯುವ ಬಾಗಿಲಿನ ಬಳಿ ಮನೆಯ ನೆಲ ಕನಿಷ್ಠ 100 ಮಿಲಿಮೀಟರ್ ಎತ್ತರದಲ್ಲಿರಬೇಕು, ಇಲ್ಲವೇ ಗ್ಯಾರೇಜಿನ ನೆಲ ಹೊರಕ್ಕೆ ಇಳಿಜಾರಾಗಿರಬೇಕು ಎಂದಿದೆ. ಬಾಗಿಲು ಅರ್ಧ ಗಂಟೆ ಬೆಂಕಿ ತಡೆಯುವಂಥದ್ದಾಗಿ, ತಾನಾಗಿ ಮುಚ್ಚಿಕೊಳ್ಳುವಂತಿರಬೇಕು. ಅಮೆರಿಕದ ಬಹುಪಾಲು ರಾಜ್ಯಗಳು ಆಧರಿಸುವ ವಾಸಗೃಹ ಸಂಹಿತೆ ಗ್ಯಾರೇಜಿನಿಂದ ನೇರವಾಗಿ ಮಲಗುವ ಕೋಣೆಗೆ ಬಾಗಿಲಿಡುವುದನ್ನು ನಿಷೇಧಿಸುತ್ತದೆ.

ಎಂಜಿನ್ ಚಾಲನೆಯಲ್ಲಿದ್ದಾಗ ಹೊರಬೀಳುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮಲಗಿದವರಿಗೆ ಅದರ ಸುಳಿವೇ ಸಿಗುವುದಿಲ್ಲ. ಆದ್ದರಿಂದ ಮುಚ್ಚಿದ ಜಾಗದಲ್ಲಿ ಕಾರನ್ನು ಚಾಲೂ ಇಡಲೇಬಾರದು. ಹೊಗೆಯನ್ನು ಕೊಳವೆಯ ಮೂಲಕ ಹೊರಹಾಕುವ ಫ್ಯಾನ್, ಅನಿಲ ಪತ್ತೆಯಾದೊಡನೆ ಕೂಗುವ ಎಚ್ಚರಿಕೆ ಗಂಟೆ ಎರಡೂ ಇರಬೇಕು. ಮನೆ ಮತ್ತು ಕಾರಿನ ನಡುವಿನ ಗಾಜು ಬೆಂಕಿನಿರೋಧಕವಾಗಿದ್ದು, ಚೌಕಟ್ಟಿನ ಸಂದುಗಳಲ್ಲಿ ಗಾಳಿ ನುಸುಳದಂತಿರಬೇಕು. ವಿದ್ಯುತ್ ಕಾರಿಗೆ ಹೊಗೆಯ ಸಮಸ್ಯೆ ಇಲ್ಲ. ಆದರೆ ಅದರ ಬ್ಯಾಟರಿಗೆ ಬೆಂಕಿ ತಗುಲಿದರೆ ನಂದಿಸುವುದು ಬಹಳ ಕಷ್ಟ.

ನಿಂತ ಕಾರಿನ ಕಾಯಿಲೆಗಳು

ಓಡದ ಕಾರು ಹಾಳಾಗುವುದಿಲ್ಲ ಎಂಬುದು ತಪ್ಪು ಕಲ್ಪನೆ. ತಿಂಗಳುಗಟ್ಟಲೆ ಒಂದೇ ಭಂಗಿಯಲ್ಲಿ ನಿಂತ ಟೈರು ನೆಲಕ್ಕೆ ತಾಗಿದಲ್ಲಿ ಚಪ್ಪಟೆಯಾಗುತ್ತದೆ. ಬ್ಯಾಟರಿ ಬರಿದಾಗುತ್ತದೆ. ಟ್ಯಾಂಕಿನಲ್ಲಿ ಉಳಿದ ಪೆಟ್ರೋಲ್ ಕೆಡುತ್ತದೆ. ಎಥೆನಾಲ್ ಬೆರೆತ ಪೆಟ್ರೋಲ್ ತೇವಾಂಶವನ್ನು ಹೀರಿಕೊಂಡು ಹಳೆಯ ಕಾರಿನ ಟ್ಯಾಂಕಿಗೆ ತುಕ್ಕು ಹಿಡಿಸಬಹುದು, ರಬ್ಬರ್ ಕೊಳವೆಗಳನ್ನು ಬಿರುಕುಗೊಳಿಸಬಹುದು. ನೇರ ಬಿಸಿಲು ಬಿದ್ದರೆ ಚರ್ಮದ ಆಸನ ಮತ್ತು ಬಣ್ಣ ಮಾಸುತ್ತವೆ. ಗಾಳಿಯ ತೇವಾಂಶ ಶೇಕಡಾ 50ರ ಆಸುಪಾಸಿನಲ್ಲಿದ್ದರೆ ಲೋಹಕ್ಕೂ ಚರ್ಮಕ್ಕೂ ಹಿತ. ತೇವ ಹೆಚ್ಚಾದರೆ ತುಕ್ಕು ಮತ್ತು ಬೂಷ್ಟು, ತೀರ ಕಡಿಮೆಯಾದರೆ ಚರ್ಮ ಮತ್ತು ಮರದಲ್ಲಿ ಬಿರುಕು.

ಸೂರಿನ ಮಹತ್ವ ಏನೆಂಬುದನ್ನು ಫ್ರಾನ್ಸಿನ ಒಂದು ಪ್ರಸಂಗ ತೋರಿಸಿಕೊಟ್ಟಿತು. ಸಾರಿಗೆ ಉದ್ಯಮಿ ರೋಜೆ ಬಾಯೋನ್ ವಸ್ತುಸಂಗ್ರಹಾಲಯ ಸ್ಥಾಪಿಸುವ ಆಸೆಯಿಂದ ಸಂಗ್ರಹಿಸಿದ್ದ ಹಳೆಯ ಕಾರುಗಳು, ಉದ್ಯಮ ಕುಸಿದ ನಂತರ ಹಳ್ಳಿಯೊಂದರಲ್ಲಿ ದಶಕಗಳ ಕಾಲ ಮರೆವಿಗೆ ಸಂದಿದ್ದವು. ತಗಡಿನ ಚಪ್ಪರಗಳಡಿ ಇದ್ದ ಹಲವು ಕಾರುಗಳು ತುಕ್ಕಿನ ಅಸ್ಥಿಪಂಜರಗಳಾಗಿದ್ದವು. ಗೋಡೆ, ಮಾಡು ಎರಡೂ ಇದ್ದ ಕಟ್ಟಡದಲ್ಲಿ ಹಳೆಯ ಪತ್ರಿಕೆಗಳ ರಾಶಿಯ ಕೆಳಗೆ ಸಿಕ್ಕ ಫೆರಾರಿ 250 ಜಿಟಿ ಕ್ಯಾಲಿಫೋರ್ನಿಯ ಮಾತ್ರ ಬಹುಮಟ್ಟಿಗೆ ಉಳಿದಿತ್ತು. 2015ರ ಫೆಬ್ರವರಿಯಲ್ಲಿ ಪ್ಯಾರಿಸ್ಸಿನ ಹರಾಜಿನಲ್ಲಿ ಅದು 1 ಕೋಟಿ 60 ಲಕ್ಷ ಯೂರೋಗಳಿಗೂ ಹೆಚ್ಚಿನ ಬೆಲೆ ಪಡೆಯಿತು. ಹೈಲ್ಯಾಂಡ್ ಪಾರ್ಕಿನ ಗಾಜಿನ ಮಂಟಪದಲ್ಲಿ ಚಿತ್ರತಂಡ ನಿಲ್ಲಿಸಿದ್ದು ಇದೇ ಮಾದರಿಯ ಪ್ರತಿಕೃತಿಯನ್ನು.

ನಮ್ಮಲ್ಲಿ ಗಮನಿಸಬೇಕಾದುದು

ಬದುಕಿಗೆ ಆಧಾರವಾದುದನ್ನು ಸೂರಿನಡಿಗೇ ತರುವ ರೂಢಿ ಕನ್ನಡ ನಾಡಿಗೆ ಹೊಸದಲ್ಲ. ಉತ್ತರ ಕರ್ನಾಟಕದ ಹಳೆಯ ಮನೆಗಳಲ್ಲಿ ತಲೆಬಾಗಿಲು ದಾಟಿದೊಡನೆ ಎತ್ತುಗಳನ್ನು ಕಟ್ಟುವ ಜಾಗ, ಅದಕ್ಕಿಂತ ಎತ್ತರದಲ್ಲಿ ಜನ ಕೂರುವ ಪಡಸಾಲೆ ಇರುತ್ತಿತ್ತು. ದನ ಕಣ್ಣಳತೆಯಲ್ಲಿರಬೇಕು, ಗಂಜಲ ಮಾತ್ರ ಪಡಸಾಲೆಗೆ ಹರಿಯಬಾರದು ಎಂಬ ವಿವೇಕ ಆ ಮೆಟ್ಟಿಲಿನಲ್ಲಿತ್ತು. ಗ್ಯಾರೇಜಿಗಿಂತ ಮನೆಯ ನೆಲ ಎತ್ತರವಿರಲಿ ಎನ್ನುವ ಇಂದಿನ ನಿಯಮದ ಹಿಂದಿರುವುದೂ ಇಂಥದೇ ವಿವೇಕ.

ಹಳೆಯ ಕಾರುಗಳ ಪ್ರದರ್ಶನ ಹೇಗಿರಬೇಕೆಂದು ನೋಡಬಯಸುವವರಿಗೆ ಧರ್ಮಸ್ಥಳದ ಕ್ಷೇತ್ರದ ಸಂಗ್ರಹ ಉತ್ತಮ ಉದಾಹರಣೆ. ಕರಾವಳಿ ಮತ್ತು ಮಲೆನಾಡಿನ ಮಳೆಗಾಲದಲ್ಲಿ ತೇವಾಂಶ ಹೀರುವ ಯಂತ್ರವಿಲ್ಲದೆ ಗಾಜಿನ ಕೋಣೆಯಲ್ಲಿ ಕಾರು ಇಡುವುದು ತುಕ್ಕಿಗೆ ಆಹ್ವಾನ ಕೊಟ್ಟಂತೆ. ಬಯಲುಸೀಮೆಯಲ್ಲಿ ಪಶ್ಚಿಮದ ಬಿಸಿಲೇ ಶತ್ರು. ಇಲಿಗಳು ತಂತಿ ಕಡಿಯುವುದು ಎಲ್ಲೆಡೆಯ ಕಾಟ.

ಕಾನೂನಿನ ವಿಷಯವೂ ಉಂಟು. 50 ವರ್ಷಕ್ಕಿಂತ ಹಳೆಯದಾದ, ಮೂಲರೂಪದಲ್ಲಿರುವ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳಿಗಾಗಿ ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ಪ್ರತ್ಯೇಕ ನೋಂದಣಿ ನಿಯಮಗಳನ್ನು ಪ್ರಕಟಿಸಿತು. ಹೊಸ ನೋಂದಣಿಗೆ 20,000 ರೂಪಾಯಿ, ನವೀಕರಣಕ್ಕೆ 5,000 ರೂಪಾಯಿ ಶುಲ್ಕ ನಿಗದಿಯಾಯಿತು. ನೋಂದಣಿಯ ಅವಧಿ 10 ವರ್ಷ. ಇಂತಹ ವಾಹನವನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿ, ಇಂಧನ ತುಂಬಿಸುವಿಕೆಯಂತಹ ಕೆಲಸಗಳಿಗೆ ರಸ್ತೆಗಿಳಿಸಬಹುದೇ ಹೊರತು ನಿತ್ಯದ ಓಡಾಟಕ್ಕಾಗಲೀ ವಾಣಿಜ್ಯ ಬಳಕೆಗಾಗಲೀ ಅಲ್ಲ.

ಮನೆಯೊಳಗೆ ಕಾರು ಇಡಬಯಸುವವರು ನಕ್ಷೆ ಬರೆಸುವಾಗಲೇ ಒಂದು ವಿಷಯವನ್ನು ಖಚಿತಪಡಿಸಿಕೊಳ್ಳಬೇಕು. ಕಾರು ಒಳಬರುವ ದಾರಿಯಷ್ಟೇ ಸಲೀಸಾಗಿ ಹೊರಹೋಗುವ ದಾರಿಯೂ ಇರಬೇಕು. ಬೆಂಕಿ ಬಿದ್ದಾಗ ಅದನ್ನು ಹೊರಗೆಳೆಯಲು ಆ ದಾರಿ ಬೇಕು, ತಿಂಗಳಿಗೊಮ್ಮೆ ಓಡಿಸಿ ಜೀವಂತವಾಗಿಡಲೂ ಅದೇ ದಾರಿ ಬೇಕು. ಹೊರಬರಲಾಗದಂತೆ ಗೋಡೆ ಕಟ್ಟಿ ಒಳಗೆ ಕೂರಿಸಿದ ಕಾರು ಕೆಲವೇ ವರ್ಷಗಳಲ್ಲಿ ನೋಡಲು ಮಾತ್ರ ಕಾರಾಗಿ ಉಳಿಯುತ್ತದೆ.